ಕರಿಕೆಯ ಹಗೇವು ಬರಿದು ಮಾಡುವ ಬಗೆ

ರೈತ ಬಾಂಧವರಿಗೆ, ರೈತ ಮಹಿಳೆಯರಿಗೆ ನಮಸ್ಕಾರ.

ಹಿಂಗಾರಿ ಜೋಳ, ಕಡಲೆ, ಕುಸುಬೆಯ ರಾಶಿ ಮುಗಿದು ಹೊಲ ಬಯಲಾಗಿರುವ ಹೊತ್ತು ಇದು. ಎಲ್ಲ ಒಣಗಿ ಬಿರುಕು ಬಿಟ್ಟ ಕರಿಮಣ್ಣಿನ ಎರೆಹೊಲದಲ್ಲಿ ಅಲ್ಲಲ್ಲಿ ಪಟ್ಟೆ ಪಟ್ಟೆಯಾಗಿ ಹಸಿರು ಉಳಿದಿದ್ದರೆ ಹತ್ತಿರ ಹೋಗಿ ನೋಡಿ, ಬಹುಪಾಲು ಅದು ಕರಿಕೆ, ಅಂದರೆ ಗರಿಕೆ ಹುಲ್ಲೇ ಆಗಿರುತ್ತದೆ. ಗಣಪತಿಗೆ ಏರಿಸುವುದು ಇದನ್ನೇ. ಮನೆತನ ಕರಿಕೆಯ ಕುಡಿಯ ಹಾಗೆ ಹಬ್ಬಲಿ ಎಂದು ಹಿರಿಯರು ಹರಸುವುದೂ ಇದನ್ನು ನೋಡಿಯೇ. ಆದರೆ ಹೀಗೆ ಹಬ್ಬುವ ಗುಣವೇ ಬಿತ್ತಿದ ಹೊಲದಲ್ಲಿ ನಮ್ಮ ಫಸಲನ್ನು ತಿನ್ನುತ್ತದೆ. ಹಿಂದೆ ಎರೆಭೂಮಿಯ ಊರುಗಳಲ್ಲಿ ಆಳು ಹಚ್ಚಿ ಕರಿಕೆ ಅಗಿಸುವುದೇ ಒಕ್ಕಲುತನದ ದೊಡ್ಡ ಖರ್ಚಾಗಿತ್ತು. ಈಗ ಆಳು ಸಿಗುವುದಿಲ್ಲ, ಸಿಕ್ಕರೂ ಅಷ್ಟು ಆಳ ಅಗಿಯುವವರಿಲ್ಲ. ಹಾಗಾದರೆ ಏನು ಮಾಡಬೇಕು?

ಮೊದಲು ಗುದ್ದಲಿಯಿಂದ ಒಂದು ಹೆಂಟೆ ಕಿತ್ತು ಅಂಗೈಯಲ್ಲಿ ಇಟ್ಟುಕೊಂಡು ಒಡೆದು ನೋಡಿ. ಮೇಲೆ ನೆಲಕ್ಕೆ ಅಂಟಿಕೊಂಡು ಹರಿದಿರುವ ಬಳ್ಳಿ ಒಂದು, ಮಣ್ಣಿನೊಳಗೆ ಬೆಳ್ಳಗೆ, ದಪ್ಪಗೆ ಓಡಿರುವ ಕಾಂಡ ಇನ್ನೊಂದು. ಒಳಗಿನದನ್ನು ನಾವು ಬೇರು ಅನ್ನುತ್ತೇವೆ, ನಿಜಕ್ಕೂ ಅದು ಕಾಂಡವೇ. ಅದರ ತುದಿ ಬೆರಳಿಗೆ ಚುಚ್ಚುವಷ್ಟು ಚೂಪು. ಉದ್ದಕ್ಕೂ ಗೆಣ್ಣುಗಳಿವೆ, ಪ್ರತಿ ಗೆಣ್ಣಿನಲ್ಲೂ ಒಂದು ಮೊಗ್ಗು ಮಲಗಿದೆ. ನಮ್ಮ ಹಿರಿಯರು ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಟ್ಟು ಬರಗಾಲ ದಾಟುತ್ತಿದ್ದರಲ್ಲ, ಕರಿಕೆಗೆ ಈ ಬಿಳಿ ಕಾಂಡವೇ ಹಗೇವು. ಮೇಲಿನ ಎಲೆ ದನ ಮೇಯಲಿ, ನಾವು ಹೆರೆಯಲಿ, ಕೆಳಗಿನ ದಾಸ್ತಾನು ತಿಂದು ಮತ್ತೆ ಚಿಗುರುತ್ತದೆ. ಆದ್ದರಿಂದ ನಮ್ಮ ಕೆಲಸ ಎಲೆ ಸುಡುವುದಲ್ಲ, ಈ ಹಗೇವನ್ನು ಬರಿದು ಮಾಡುವುದು. ಅದಕ್ಕೆ ಎರಡು ಕಾಲ ನಮ್ಮ ಕೈಯಲ್ಲಿವೆ: ಬೇಸಿಗೆಯ ಬಿಸಿಲು, ಮಳೆಗಾಲದ ನೆರಳು. ಬಿಸಿಲಿನ ಮಾತು ಎಲ್ಲರಿಗೂ ಗೊತ್ತು. ನೆರಳಿನ ಮಾತನ್ನು ಮಾತ್ರ ನಾವು ಕಡೆಗಣಿಸಿದ್ದೇವೆ.

ಬಿಸಿಲಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ರಾಶಿಯಾದ ಕೂಡಲೇ, ನೆಲದಲ್ಲಿ ತುಸು ಹಸಿ ಇರುವಾಗಲೇ ಪಲ್ಟಿ ನೇಗಿಲು ಹೊಡೆಸಿ. ಹೆಚ್ಚಿನ ಕಾಂಡ ಅರ್ಧ ಅಡಿಯಿಂದ ಮುಕ್ಕಾಲು ಅಡಿಯೊಳಗೇ ಇರುತ್ತದೆ, ಎರೆಯ ಬಿರುಕುಗಳಲ್ಲಿ ಅದಕ್ಕಿಂತ ಆಳಕ್ಕೂ ಇಳಿದಿರುತ್ತದೆ. ಹೆಂಟೆ ಮೇಲೆ ಬಿದ್ದು ಎರಡು ಮೂರು ವಾರ ಕಾಯಲಿ. ಆಮೇಲೆ ಅಡ್ಡ ಹೊಡೆಸಿ, ಕಲ್ಟಿವೇಟರ್ ಎಳೆಸಿ, ಮೇಲೆ ಬಂದ ಕಾಂಡವನ್ನು ಆರಿಸಿ ಹೊಲದಾಚೆ ಹಾಕಿ. ಸತ್ತಿದೆಯೋ ಇಲ್ಲವೋ ತಿಳಿಯಲು ಉಗುರಿನಿಂದ ಸಿಪ್ಪೆ ಕೆರೆದು ನೋಡಿ. ಒಳಗೆ ಬಿಳುಪು, ಹಸಿ ಕಂಡರೆ ಇನ್ನೂ ಜೀವವಿದೆ. ಕಂದಾಗಿ ನಾರಿನಂತಾಗಿದ್ದರೆ ಮುಗಿಯಿತು. ಆರಿಸಿದ ಕಾಂಡವನ್ನು ತಿಪ್ಪೆಗೆ ಮಾತ್ರ ಎಸೆಯಬೇಡಿ. ಅರೆಜೀವದ ಕಾಂಡ ಗೊಬ್ಬರದ ಜೊತೆ ಮತ್ತೆ ಹೊಲಕ್ಕೇ ಬರುತ್ತದೆ.

ಇಲ್ಲೊಂದು ಎಚ್ಚರಿಕೆ. ಕರಿಕೆ ಇರುವ ಹೊಲಕ್ಕೆ ಮಳೆಯ ಮುಂದೆ ರೋಟರ್ (ರೋಟವೇಟರ್) ಹೊಡೆಸಬೇಡಿ. ಹೊಲ ಹುಡಿಹುಡಿಯಾಗಿ ಚೆಂದ ಕಾಣುತ್ತದೆ, ನಿಜ. ಆದರೆ ಅದು ಒಂದು ಕಾಂಡವನ್ನು ಹತ್ತಾರು ತುಂಡು ಮಾಡಿ ಹೊಲದ ತುಂಬ ಬಿತ್ತಿದಂತಾಗುತ್ತದೆ. ಬಾಡಿಗೆ ಟ್ರ್ಯಾಕ್ಟರ್ ಬಂದರೆ, ಹಿಂದಿನ ಹೊಲದ ಕರಿಕೆ ಅದರ ಹಲ್ಲುಗಳಿಗೆ ಸುತ್ತಿಕೊಂಡಿದೆಯೇ ಎಂದು ನೋಡಿ, ಬಿಡಿಸಿದ ಮೇಲೆಯೇ ಒಳಗೆ ಬಿಡಿ. ಚಾಲಕರು ಅವಸರ ಮಾಡುತ್ತಾರೆ, ಮಾಡಲಿ.

ಅಶ್ವಿನಿ, ಭರಣಿ ಮಳೆ ಬಿದ್ದಾಗ ಉಳಿದ ಗೆಣ್ಣುಗಳೆಲ್ಲ ಚಿಗುರುತ್ತವೆ. ಹೆದರಬೇಡಿ, ಅದು ಒಳ್ಳೆಯದೇ. ಚಿಗುರಲು ದಾಸ್ತಾನು ಖರ್ಚಾಗಿರುತ್ತದೆ, ಹೊಸ ಎಲೆ ಇನ್ನೂ ದುಡಿದು ಕೆಳಗೆ ತುಂಬಿರುವುದಿಲ್ಲ. ಮೂರು ನಾಲ್ಕು ಎಲೆ ಬಂದಾಗ ಕುಂಟೆ ಹರಗಿ. ಮತ್ತೆ ಚಿಗುರಿದರೆ ಮತ್ತೆ ಹರಗಿ.

ಈಗ ನೆರಳಿನ ಮಾತು. ವಿಜಯಪುರ, ಬಾಗಲಕೋಟೆ, ಗದಗ, ನವಲಗುಂದದ ಕಡೆ ಹಿಂಗಾರಿ ಹೊಲಗಳನ್ನು ಮುಂಗಾರಿನಲ್ಲಿ ಖಾಲಿ ಬಿಡುವ ರೂಢಿ ಇದೆ. ಹಸಿ ಹಿಡಿದಿಡಲು ಅದು ಬೇಕೆಂದು ನಂಬಿದ್ದೇವೆ. ಆದರೆ ಜೂನಿನಿಂದ ಸೆಪ್ಟೆಂಬರ್‌ವರೆಗೆ ಆ ಬಯಲಲ್ಲಿ ಮಳೆಯನ್ನೂ ಬಿಸಿಲನ್ನೂ ಪೂರಾ ಉಣ್ಣುವುದು ಕರಿಕೆ. ನಡುವೆ ಮಳೆ ಹಿಡಿದು ಹರಗಲು ಆಗದಿದ್ದರಂತೂ ಬೇಸಿಗೆಯ ಕಷ್ಟವೆಲ್ಲ ನೀರುಪಾಲು. ಕರಿಕೆಗೆ ಬರ ತಡೆಯುವ ಶಕ್ತಿ ಇದೆ, ತುಳಿತ ತಡೆಯುವ ಶಕ್ತಿ ಇದೆ. ನೆರಳು ತಡೆಯುವ ಶಕ್ತಿ ಇಲ್ಲ. ದಟ್ಟ ನೆರಳಿನಲ್ಲಿ ಅದು ಸಣಕಲಾಗಿ, ಬಿಳಿಚಿ, ಬೆಳಕು ಹುಡುಕಿಕೊಂಡು ಮೇಲಕ್ಕೆ ಉದ್ದುದ್ದ ಏಳುತ್ತದೆ, ಕೆಳಗೆ ಏನೂ ತುಂಬಲಾರದು.

ಹಾಗಾಗಿ ಕರಿಕೆ ಬಲವಾಗಿರುವ ಹೊಲಕ್ಕೆ ಮುಂಗಾರಿನಲ್ಲಿ ಹೊದಿಕೆ ಬೆಳೆ ಬಿತ್ತಿ. ಮೃಗಶಿರ ಮಳೆಗೆ ಹಸಿರು ಗೊಬ್ಬರದ ಸೆಣಬು ಬಿತ್ತಬಹುದು, ಎಕರೆಗೆ ಸುಮಾರು 20 ಕಿಲೋ ಬೀಜ. ಬೀಜ ಉಳಿಸಲು ಹೋದರೆ ನೆರಳು ಸಾಲದು. ಸೆಣಬು ತಿಂಗಳೊಳಗೆ ನೆಲ ಮುಚ್ಚುತ್ತದೆ, 45 ರಿಂದ 50 ದಿನಕ್ಕೆ ಹೂವಿಗೆ ಬರುತ್ತದೆ, ಆಗಲೇ ಮಣ್ಣಿಗೆ ಸೇರಿಸಬೇಕು. ಆಗಸ್ಟ್ ಮೊದಲ ವಾರ ಸೇರಿಸಿದರೆ ಜೋಳ ಬಿತ್ತುವ ಹೊತ್ತಿಗೆ ಕೊಳೆತಿರುತ್ತದೆ. ಕೆಂಪು ಮಣ್ಣಿನ ಮಸಾರಿ ಹೊಲದವರಿಗೆ ಅಲಸಂದೆ, ಹುರುಳಿ ಹೊಂದುತ್ತವೆ. ಮಳೆ ಕೈಕೊಡುವ ಲಕ್ಷಣ ಕಂಡರೆ ಹೂವಿಗಾಗಿ ಕಾಯಬೇಡಿ, ಮುಂಚೆಯೇ ಮುರಿದು ಮಣ್ಣಿಗೆ ಸೇರಿಸಿ. ಸೆಣಬು ತಾನೇ ಹಸಿ ಕುಡಿದು ಹಿಂಗಾರಿ ಜೋಳವನ್ನು ಸೊರಗಿಸಬಾರದು. ಒಂದು ವರ್ಷಕ್ಕೆ ಕರಿಕೆ ಪೂರಾ ಹೋಗುವುದಿಲ್ಲ, ಹೋಗುತ್ತದೆ ಎಂದು ನಾನು ಹೇಳುವುದೂ ಇಲ್ಲ. ಆದರೆ ಮುಂದಿನ ಬೇಸಿಗೆಯಲ್ಲಿ ಹೆಂಟೆ ಒಡೆದಾಗ ಕಾಂಡ ತೆಳ್ಳಗಾಗಿರುವುದು ನಿಮ್ಮ ಕಣ್ಣಿಗೇ ಕಾಣುತ್ತದೆ.

ದಟ್ಟ ಸೆಣಬಿನೊಳಗೆ ಬುರ್ಲಿ, ಗೌಜಲಕ್ಕಿ ಸೇರಿಕೊಳ್ಳುತ್ತವೆ, ನೆಲದ ಮೇಲೇ ಮೊಟ್ಟೆ ಇಡುತ್ತವೆ. ಬೆಳೆ ಮುರಿಯುವಾಗ ಹೊಲದ ನಡುವಿನಿಂದ ಶುರು ಮಾಡಿ ಬದುವಿನ ಕಡೆಗೆ ಬನ್ನಿ. ಮರಿಗಳಿಗೆ ಓಡಿಹೋಗಲು ದಾರಿ ಸಿಗುತ್ತದೆ. ಸುತ್ತಲಿಂದ ಒಳಕ್ಕೆ ಹೊಡೆದರೆ ನಡುವೆ ಸಿಕ್ಕಿ ಸಾಯುತ್ತವೆ. ಇದಕ್ಕೆ ಖರ್ಚೇನೂ ಇಲ್ಲ, ದಯವಿಟ್ಟು ಮಾಡಿ.

ಇನ್ನು ಕಳೆ ಕೊಲ್ಲುವ ಔಷಧಿ. ಹತ್ತಿ, ಶೇಂಗಾ, ಸೋಯಾ ಅವರೆಯಂಥ ಅಗಲ ಎಲೆಯ ಬೆಳೆಯಲ್ಲಿ ಕ್ವಿಜಾಲೊಫಾಪ್ ಈಥೈಲ್ ಶೇಕಡಾ 5ರ ದ್ರಾವಣ ಎಕರೆಗೆ 300 ರಿಂದ 400 ಮಿಲಿ ಸಿಂಪಡಿಸಿದರೆ ಹುಲ್ಲು ಜಾತಿಯ ಕಸ ಮಾತ್ರ ಸಾಯುತ್ತದೆ. ಜೋಳ, ಗೋಧಿ, ಮೆಕ್ಕೆಜೋಳವೂ ಹುಲ್ಲು ಜಾತಿಯವೇ, ಅವುಗಳ ಮೇಲೆ ಹೊಡೆಯಬಾರದು. ಕರಿಕೆ ಹಸಿರಾಗಿ ಬೆಳೆಯುತ್ತಿರುವಾಗ ಮಾತ್ರ ಇದು ಒಳಗಿಳಿಯುತ್ತದೆ, ಬಾಡಿದ ಎಲೆಗೆ ಹೊಡೆದರೆ ದುಡ್ಡು ದಂಡ. ಗ್ಲೈಫೋಸೇಟ್ ವಿಚಾರ ಅನೇಕರು ಕೇಳುತ್ತಾರೆ. ಕೀಟ ನಿಯಂತ್ರಣದ ಪರವಾನಗಿ ಇದ್ದವರ ಮೂಲಕ ಮಾತ್ರ ಅದನ್ನು ಬಳಸಬೇಕೆಂದು ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಅಧಿಸೂಚನೆ ಹೊರಡಿಸಿತು. ಹಸಿರಾಗಿರುವ ಯಾವ ಬೆಳೆಗೆ ತಾಗಿದರೂ ಅದು ಕೊಲ್ಲುತ್ತದೆ ಎಂಬುದೂ ನೆನಪಿರಲಿ.

ಔಷಧಿಯೊಂದನ್ನೇ ನಂಬಿದವರ ಪಾಡು ಏನಾಯಿತು ಎಂಬುದು ನಮ್ಮ ಕಣ್ಣೆದುರೇ ಇದೆ. ಪಂಜಾಬ್, ಹರಿಯಾಣದ ಗೋಧಿ ಹೊಲಗಳಲ್ಲಿ ಗುಲ್ಲಿ ದಂಡಾ ಎಂಬ ಹುಲ್ಲು, ವರ್ಷವರ್ಷವೂ ಹೊಡೆದ ಐಸೊಪ್ರೊಟ್ಯೂರಾನ್‌ಗೆ 1990ರ ದಶಕದ ಆರಂಭದಲ್ಲೇ ಬಗ್ಗದಾಯಿತು. ಇಂಗ್ಲೆಂಡಿನಲ್ಲಿ ಬ್ಲ್ಯಾಕ್ ಗ್ರಾಸ್ ಎಂಬ ಹುಲ್ಲು ಔಷಧಿಗೆ ಸಾಯುತ್ತಿಲ್ಲ ಎಂದು 1982ರಲ್ಲೇ ಕಂಡುಬಂತು. ಅಲ್ಲಿನವರು ಗೌಜಲ, ಫೆಸೆಂಟ್ ಹಕ್ಕಿಗಳ ಆಸರೆಗೆಂದು ಹೊಲದಂಚಿನಲ್ಲಿ ಮೆಕ್ಕೆಜೋಳ, ಕೇಲ್ ಸೊಪ್ಪು, ಸಿರಿಧಾನ್ಯದ ಪಟ್ಟೆ ಬೆಳೆಯುತ್ತಾರೆ. ಆ ಪಟ್ಟೆಯತ್ತ ಯಾರೂ ಲಕ್ಷ್ಯ ಕೊಡದಿದ್ದರೆ ಈ ಹುಲ್ಲು ಅಲ್ಲೇ ಬೀಜ ಉದುರಿಸಿ ಪಕ್ಕದ ಗೋಧಿಗೆ ಇಳಿಯುತ್ತದೆ. ಅವರೂ ಈಗ ಆಳ ಉಳುಮೆ, ತಡವಾದ ಬಿತ್ತನೆ, ಬೆಳೆ ಬದಲಾವಣೆ ಎಂದು ಹಳೆಯ ದಾರಿಗೆ ಮರಳಿದ್ದಾರೆ.

ನಮ್ಮಲ್ಲಿ ಲಕ್ಷ್ಯ ಕೊಡದ ಆ ಜಾಗ ಬದು. ಬದುವಿನ ಕರಿಕೆ ಕೀಳಬೇಡಿ, ಅದು ಮಣ್ಣು ಹಿಡಿದಿದೆ, ದನಕ್ಕೆ ಮೇವಾಗಿದೆ. ಆದರೆ ಬದುವಿಗೂ ಬೆಳೆಗೂ ನಡುವೆ ಎರಡು ಅಡಿ ಅಗಲದ ಪಟ್ಟಿ ಬಿಟ್ಟು, ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಹರಗಿ. ದಾಟಲು ಬಂದ ಬಳ್ಳಿ ಅಲ್ಲೇ ಕಡಿದುಹೋಗುತ್ತದೆ. ಹೊಸದಾಗಿ ಬದು ಹಾಕುವವರು ಲಾವಂಚ ನೆಡುವ ಯೋಚನೆ ಮಾಡಿ. ಗುಂಡ್ಲುಪೇಟೆ ಕಡೆ ರೈತರು ತಲೆಮಾರುಗಳಿಂದ ಬದುವಿಗೆ ಲಾವಂಚ ಬೆಳೆಸಿದ್ದಾರೆ. ಅದು ನಿಂತಲ್ಲೇ ದಟ್ಟವಾಗುತ್ತದೆ, ಹೊಲದೊಳಗೆ ಹರಿಯುವುದಿಲ್ಲ. ಪಕ್ಕದ ಹೊಲದವರನ್ನೂ ಕರೆದು ಮಾತಾಡಿ. ಒಂದೇ ಬದುವಿನ ಎರಡೂ ಮಗ್ಗುಲು ಒಂದೇ ವಾರ ಹರಗಿದರೆ ಇಬ್ಬರ ಕೆಲಸವೂ ಅರ್ಧವಾಗುತ್ತದೆ. ಸೆಣಬಿನ ಬೀಜ ಮೇ ಕೊನೆಗೆ ಸಿಗುವುದು ಕಷ್ಟ, ಈಗಲೇ ಹತ್ತಿರದ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ ಇಡಿ. ನಮಸ್ಕಾರ.