ಕೊಂದವರನ್ನು ಹುಡುಕೋಣ, ಯುದ್ಧ ಬೇಡ

ಕೇಳುಗರೇ, ನಮಸ್ಕಾರ.

2025ರ ಏಪ್ರಿಲ್ 22ರಂದು ಕಾಶ್ಮೀರದ ಪಹಲ್ಗಾಮ್ ಹತ್ತಿರದ ಬೈಸರನ್ ಹುಲ್ಲುಗಾವಲಿನಲ್ಲಿ 26 ಜನರನ್ನು ಗುಂಡಿಟ್ಟು ಕೊಂದರು. ಪ್ರವಾಸಕ್ಕೆಂದು ಹೋದವರನ್ನು ಹೆಂಡತಿ, ಮಕ್ಕಳ ಕಣ್ಣೆದುರೇ ಕೊಂದರು. ಸತ್ತವರಲ್ಲಿ ನಮ್ಮ ಕರ್ನಾಟಕದವರೂ ಇದ್ದರು. ಆಮೇಲೆ ಹಾಸನದ ಬಸ್ ಸ್ಟ್ಯಾಂಡಿರಲಿ, ಚಿಕ್ಕಮಗಳೂರಿನ ಹೋಟೆಲಿರಲಿ, ಎಲ್ಲ ಕಡೆ ಒಂದೇ ಮಾತು. ಪಾಕಿಸ್ತಾನದ ಮೇಲೆ ಯುದ್ಧ ಆಗಲೇಬೇಕು, ಒಂದೇ ಸಲ ಮುಗಿಸಿಬಿಡಬೇಕು. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಆ ಸುದ್ದಿ ಕೇಳಿ ಕರುಳು ಕಿವುಚದವರು ಯಾರಿದ್ದರು ಹೇಳಿ? ಆದರೂ ಯುದ್ಧ ಬೇಡ ಅಂತ ಹೇಳುವುದಕ್ಕೇ ನಾನು ಇವತ್ತು ಈ ಮೈಕಿನ ಮುಂದೆ ಕೂತಿದ್ದೇನೆ.

ಹಾಗಾದರೆ ಸುಮ್ನೆ ಇರಬೇಕಾ ಎಂದು ನೀವು ಕೇಳುತ್ತೀರಿ. ಖಂಡಿತ ಬೇಡ. ಕೊಂದವರನ್ನು ಹುಡುಕಬೇಕು. ಅವರಿಗೆ ದುಡ್ಡು ಕೊಟ್ಟವರನ್ನು, ಬಂದೂಕು ಕೊಟ್ಟು ಕಲಿಸಿದವರನ್ನು ಕಟಕಟೆಗೆ ತರಬೇಕು. ಯುದ್ಧದಿಂದ ಈ ಕೆಲಸ ಆಗುವುದಿಲ್ಲ ಎನ್ನುವುದೇ ನನ್ನ ವಾದ. ಯುದ್ಧ ಬೀಳುವುದು ಊರುಗಳ ಮೇಲೆ. ಕೊಂದವನು ಅಷ್ಟು ಹೊತ್ತಿಗೆ ಇನ್ನೆಲ್ಲೋ ಅಡಗಿರುತ್ತಾನೆ.

ಪಹಲ್ಗಾಮ್ ವಿಷಯವನ್ನೇ ನೋಡಿ. ಮೇ 7ಕ್ಕೆ ಗಡಿಯಾಚೆಯ ಉಗ್ರರ ನೆಲೆಗಳ ಮೇಲೆ ನಮ್ಮವರು ದಾಳಿ ಮಾಡಿದರು. 10ನೇ ತಾರೀಖಿನವರೆಗೆ ಎರಡೂ ಕಡೆಯಿಂದ ಹೊಡೆದಾಟ ನಡೆಯಿತು. ಆ ಕಡೆಯಿಂದ ಬಿದ್ದ ಶೆಲ್ಲಿಗೆ ಪೂಂಛ್‌ನಲ್ಲಿ ಜನ ಸತ್ತರು, ಮಕ್ಕಳೂ ಸತ್ತರು. ಪಹಲ್ಗಾಮ್‌ನಲ್ಲಿ ಗುಂಡು ಹಾರಿಸಿದ ಮೂವರು ಸಿಕ್ಕಿದ್ದು ಜುಲೈ 28ಕ್ಕೆ, ಶ್ರೀನಗರದ ಹತ್ತಿರದ ದಾಚಿಗಾಮ್ ಕಾಡಿನಲ್ಲಿ. ನಮ್ಮ ಸೈನಿಕರು, ಪೊಲೀಸರು ವಾರಗಟ್ಟಲೆ ಜಾಡು ಹಿಡಿದು ಹೋಗಿ ಅವರನ್ನು ಹೊಡೆದುರುಳಿಸಿದರು. ಮರುದಿನ ಗೃಹ ಸಚಿವರು ಲೋಕಸಭೆಯಲ್ಲಿ ಇದನ್ನು ವಿವರಿಸಿದರು. ಬೈಸರನ್‌ನಲ್ಲಿ ಸಿಕ್ಕ ಖಾಲಿ ತೋಟೆಗಳನ್ನು ಆ ಮೂವರ ಬಂದೂಕಿನ ತೋಟೆಗಳ ಜೊತೆ ಚಂಡೀಗಢದ ಪ್ರಯೋಗಾಲಯದಲ್ಲಿ ತಾಳೆ ನೋಡಿದರಂತೆ. ಅವರಿಗೆ ಊಟ ಹಾಕಿದ್ದವರಿಂದ ಗುರುತು ಹಿಡಿಸಿದರಂತೆ. ಎಷ್ಟು ತಾಳ್ಮೆಯ ಕೆಲಸ ಅಲ್ವಾ? ಟಿವಿಯಲ್ಲಿ ಇದಕ್ಕೆ ಸಿಕ್ಕ ಜಾಗ ಕಮ್ಮಿ.

ಮುಂಬೈ ದಾಳಿಯ ಮಾತನ್ನು ನಾನು ಸ್ವಲ್ಪ ನಿಧಾನವಾಗಿ ಹೇಳಬೇಕು. 2008ರ ನವೆಂಬರ್ 26. ಹತ್ತು ಜನ ಉಗ್ರರು, 166 ಸಾವು. ಆ ರಾತ್ರಿ ಗಿರಗಾಂವ್ ಚೌಪಾಟಿಯಲ್ಲಿ ಒಂದು ಕಾರನ್ನು ಪೊಲೀಸರು ಅಡ್ಡಗಟ್ಟಿದರು. ತುಕಾರಾಮ್ ಓಂಬ್ಳೆ ಎಂಬ ಸಹಾಯಕ ಸಬ್ ಇನ್ಸ್‌ಪೆಕ್ಟರ್ ಅಲ್ಲಿದ್ದರು. ಅವರ ಕೈಯಲ್ಲಿ ಇದ್ದದ್ದು ಬರೀ ಲಾಠಿ. ಕಾರಿನಲ್ಲಿದ್ದ ಉಗ್ರ ಕಸಬ್‌ನ ಬಂದೂಕಿನ ನಳಿಗೆಯನ್ನು ಅವರು ಬರಿಗೈಯಲ್ಲಿ ಹಿಡಿದರು. ಗುಂಡುಗಳು ಮೈಗೆ ನುಗ್ಗಿದರೂ ಹಿಡಿತ ಬಿಡಲಿಲ್ಲ. ಓಂಬ್ಳೆ ಪ್ರಾಣ ಬಿಟ್ಟರು, ಕಸಬ್ ಜೀವಂತ ಸಿಕ್ಕ.

ಆ ಒಬ್ಬ ಬದುಕಿ ಸಿಕ್ಕಿದ್ದರಿಂದ ಏನಾಯಿತು? ಯಾರು ಕಳಿಸಿದರು, ಎಲ್ಲಿ ಕಲಿಸಿದರು, ಯಾವ ದೋಣಿಯಲ್ಲಿ ಬಂದರು, ಎಲ್ಲ ಹೊರಗೆ ಬಂತು. ಅವನು ನಮ್ಮವನೇ ಅಲ್ಲ ಎನ್ನುತ್ತಿದ್ದ ಪಾಕಿಸ್ತಾನ, 2009ರ ಜನವರಿಯಲ್ಲಿ ಅವನು ನಮ್ಮ ಪ್ರಜೆ ಎಂದು ಒಪ್ಪಬೇಕಾಯಿತು. ಕಸಬ್‌ಗೂ ವಕೀಲರನ್ನು ಕೊಟ್ಟೆವು. ಸುಪ್ರೀಂ ಕೋರ್ಟಿನವರೆಗೂ ಮೊಕದ್ದಮೆ ನಡೆದು, 2012ರ ನವೆಂಬರ್ 21ಕ್ಕೆ ಗಲ್ಲಾಯಿತು. ಆಗಿನ ಸರ್ಕಾರ ಯುದ್ಧಕ್ಕೆ ಹೋಗಲಿಲ್ಲ ಎಂದು ಇವತ್ತಿಗೂ ಬೈಯುವವರಿದ್ದಾರೆ. ನನಗೆ ಅದು ದೇಶ ತೋರಿಸಿದ ದೊಡ್ಡ ಗಟ್ಟಿತನ ಎನಿಸುತ್ತದೆ. ಯುದ್ಧ ಶುರುವಾಗಿದ್ದರೆ ಕಸಬ್‌ನ ಹೇಳಿಕೆಯನ್ನು ಯಾರು ಕೇಳುತ್ತಿದ್ದರು? ಎರಡು ದೇಶಗಳ ಜಗಳ ಎಂದು ಲೋಕ ಮುಖ ತಿರುಗಿಸುತ್ತಿತ್ತು.

ಅವನನ್ನು ಕಳಿಸಿದವರು ಇನ್ನೂ ನಮ್ಮ ಕೈಗೆ ಸಿಕ್ಕಿಲ್ಲ, ನಿಜ. ಅದು ನನಗೂ ನೋವಿನ ವಿಷಯವೇ. ಆದರೆ ದಾರಿ ಪೂರ್ತಿ ಮುಚ್ಚಿಲ್ಲ. ಉಗ್ರರಿಗೆ ಹೋಗುವ ಹಣದ ಮೇಲೆ ಕಣ್ಣಿಡುವ ಅಂತರರಾಷ್ಟ್ರೀಯ ಸಂಸ್ಥೆ 2018ರಲ್ಲಿ ಪಾಕಿಸ್ತಾನವನ್ನು ನಿಗಾ ಪಟ್ಟಿಗೆ ಸೇರಿಸಿತು. ಆ ಒತ್ತಡ ಇದ್ದಾಗಲೇ, 2020ರಲ್ಲಿ, ಮುಂಬೈ ದಾಳಿಯ ಸೂತ್ರಧಾರ ಎಂದು ನಾವು ಹೇಳುವ ಹಫೀಜ್ ಸಯೀದ್‌ಗೆ ಅಲ್ಲಿನ ಕೋರ್ಟೇ ಜೈಲು ಶಿಕ್ಷೆ ಕೊಟ್ಟಿತು. ಆ ದಾಳಿಯ ಸಂಚಿನಲ್ಲಿ ಆರೋಪಿಯಾದ ತಹವ್ವೂರ್ ರಾಣಾನನ್ನು 2025ರ ಏಪ್ರಿಲ್‌ನಲ್ಲಿ ಅಮೆರಿಕದಿಂದ ದೆಹಲಿಗೆ ಕರೆತಂದರು. ಹದಿನಾರು ವರ್ಷ ಬೇಕಾಯಿತು. ತಡವಾಯಿತು, ಒಪ್ಪುತ್ತೇನೆ. ಆದರೆ ಇದರಲ್ಲಿ ಯಾವ ಊರೂ ಸುಡಲಿಲ್ಲ.

ಸೇನೆ ನುಗ್ಗಿಸಿದವರ ಕತೆಯೂ ನಮ್ಮ ಮುಂದಿದೆ. 2001ರ ಸೆಪ್ಟೆಂಬರ್ 11ರ ದಾಳಿಯಲ್ಲಿ ಅಮೆರಿಕದಲ್ಲಿ ಸುಮಾರು 3,000 ಜನ ಸತ್ತರು. ಮೂರೇ ದಿನಕ್ಕೆ ಸೇನೆ ಬಳಸುವ ನಿರ್ಣಯ ಅವರ ಕೆಳಮನೆಗೆ ಬಂತು. 420 ಜನ ಹೌದು ಎಂದರು. ಬೇಡ ಎಂದದ್ದು ಬಾರ್ಬರಾ ಲೀ ಎಂಬ ಒಬ್ಬ ಹೆಣ್ಣುಮಗಳು ಮಾತ್ರ. ಇಪ್ಪತ್ತು ವರ್ಷ ಅಫ್ಘಾನಿಸ್ತಾನದಲ್ಲಿ ಯುದ್ಧ ಮಾಡಿದರು. 2021ರ ಆಗಸ್ಟ್ 15ಕ್ಕೆ ಕಾಬೂಲ್ ಮತ್ತೆ ತಾಲಿಬಾನ್ ಕೈಗೇ ಹೋಯಿತು. ನಡುವೆ ಇರಾಕಿಗೂ ನುಗ್ಗಿದರು, ಆ ಪಾಳುಬಿದ್ದ ನೆಲದಲ್ಲೇ ಐಸಿಸ್ ಎಂಬ ಉಗ್ರರ ಗುಂಪು ಬೆಳೆಯಿತು. ಆ ದಾಳಿ ಮಾಡಿಸಿದ ಒಸಾಮಾ ಬಿನ್ ಲಾಡೆನ್ ಸತ್ತದ್ದು ಪಾಕಿಸ್ತಾನದ ಅಬೊಟ್ಟಾಬಾದಿನ ಒಂದು ಮನೆಯಲ್ಲಿ. ವರ್ಷಗಟ್ಟಲೆ ಗುಟ್ಟಾಗಿ ಹುಡುಕಿ ಆ ಮನೆಯನ್ನು ಪತ್ತೆ ಮಾಡಿದ್ದರು. ಅಷ್ಟಕ್ಕೆ ಎರಡು ದೇಶಗಳನ್ನು ಹಾಳುಮಾಡಬೇಕಿತ್ತಾ?

ಹಾಸನ ಜಿಲ್ಲೆಯವರಾದ ನಮಗೆ ಯುದ್ಧ ಬೇಡ ಅನ್ನುವುದು ಹೊಸ ಮಾತೇನಲ್ಲ. ಶ್ರವಣಬೆಳಗೊಳದ ಬೆಟ್ಟದ ಮೇಲೆ 58 ಅಡಿ ಎತ್ತರಕ್ಕೆ ಬಾಹುಬಲಿ ನಿಂತಿದ್ದಾನೆ. ಅವನನ್ನು ಕೆತ್ತಿಸಿದ ಚಾವುಂಡರಾಯ ಗಂಗರ ಸೇನಾಪತಿ, ಕತ್ತಿ ಹಿಡಿದು ಯುದ್ಧ ನೋಡಿದವನು. ಭರತ, ಬಾಹುಬಲಿಯರ ಸೈನ್ಯಗಳು ಎದುರುಬದುರು ನಿಂತಾಗ ಮಂತ್ರಿಗಳು ನಡುವೆ ಬಂದರು. ನೀವಿಬ್ಬರೂ ಮೋಕ್ಷಕ್ಕೆ ಹೋಗುವವರು, ಈ ಕಾಳಗದಲ್ಲಿ ನೀವು ಸಾಯುವುದಿಲ್ಲ, ಸಾಯುವವರು ಈ ಜನ ಎಂದರು. ಅದಕ್ಕೇ ಅಣ್ಣತಮ್ಮಂದಿರು ತಾವಿಬ್ಬರೇ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮಾಡಿದರು. ಒಬ್ಬ ಸೈನಿಕನೂ ಸಾಯಲಿಲ್ಲ. ಇಂಥ ಮಾತು ಹೇಳುವ ಮಂತ್ರಿಗಳು ಇವತ್ತು ಬೇಕು ನಮಗೆ, ಎರಡೂ ದೇಶಕ್ಕೆ.

ಸಂಸತ್ತಿನ ಮೇಲೆ 2001ರ ಡಿಸೆಂಬರ್‌ನಲ್ಲಿ ದಾಳಿಯಾದ ಮೇಲೆ ನಮ್ಮ ಸೇನೆ ಗಡಿಯಲ್ಲಿ ಸುಮಾರು ಹತ್ತು ತಿಂಗಳು ನಿಂತಿತ್ತು. ಯುದ್ಧ ಆಗಲೇ ಇಲ್ಲ. ಆದರೂ ನೆಲಬಾಂಬ್ ಹೂಳುವಾಗ, ಅಪಘಾತಗಳಲ್ಲಿ ನೂರಾರು ಯೋಧರು ಸತ್ತರು. ಸೈನ್ಯಕ್ಕೆ ಮಗನನ್ನು ಕಳಿಸಿದ ಮನೆಗಳು ಸಕಲೇಶಪುರದಲ್ಲೂ ಇವೆ, ಅರಕಲಗೂಡಿನಲ್ಲೂ ಇವೆ. ಆ ತಾಯಂದಿರನ್ನು ಕೇಳದೆ ನಾವು ಹೋಟೆಲಿನಲ್ಲಿ ಕೂತು ಯುದ್ಧ ಆಗಲಿ ಅನ್ನುವುದು ನ್ಯಾಯ ಅಲ್ಲ.

ನಮ್ಮ ಸಂಸದರು ಊರಿಗೆ ಬಂದಾಗ ಒಂದೆರಡು ಪ್ರಶ್ನೆ ಕೇಳಿ. ಅಷ್ಟು ಪ್ರವಾಸಿಗರು ಸೇರುವ ಬೈಸರನ್‌ನಲ್ಲಿ ಅಂದು ಕಾವಲು ಯಾಕಿರಲಿಲ್ಲ? ರಾಣಾ ಮೇಲಿನ ಕೇಸು ಎಲ್ಲಿಗೆ ಬಂತು? ಓಂಬ್ಳೆಯವರಂತೆ ಬೀದಿಯಲ್ಲಿ ನಿಲ್ಲುವ ಪೊಲೀಸರ ಕೈಗೆ ಈಗಲಾದರೂ ಲಾಠಿಗಿಂತ ಜಾಸ್ತಿ ಏನಾದರೂ ಕೊಟ್ಟಿದ್ದೀರಾ? ಉತ್ತರ ಸಿಗುವವರೆಗೂ ಕೇಳಿ.

ನಮಸ್ಕಾರ.