ಒಂದೇ ರಾಕೆಟ್, ಮೂರು ಪ್ರೋಬ್: ಕೆರ್ಬಲ್ ಸ್ಪೇಸ್ ಪ್ರೋಗ್ರಾಂನಲ್ಲಿ ಕಕ್ಷೆ ಹಂಚೋ ಲೆಕ್ಕ

[ಪರದೆ: ಕೆರ್ಬಿನ್ ಮೇಲೆ ತೇಲುತ್ತಿರುವ ನೌಕೆ, ಅದರ ಮೈಗೆ ಅಂಟಿಕೊಂಡ ಮೂರು ಪುಟ್ಟ ಪ್ರೋಬ್‌ಗಳು]

ಇದು ಕೆರ್ಬಲ್ ಸ್ಪೇಸ್ ಪ್ರೋಗ್ರಾಂ, ರಾಕೆಟ್ ಕಟ್ಟಿ ಹಾರಿಸೋ ಕಂಪ್ಯೂಟರ್ ಆಟ. ಕೆರ್ಬಿನ್ ಅಂದ್ರೆ ಈ ಆಟದ ಭೂಮಿ, ಪ್ರೋಬ್ ಅಂದ್ರೆ ಆಳಿಲ್ಲದ ಪುಟ್ಟ ನೌಕೆ. ನೋಡ್ತಾ ಇರಿ, ಈಗ ಸ್ಪೇಸ್ ಬಾರ್ ಒತ್ತುತ್ತೀನಿ.

[ಟಕ್. ಮೂರೂ ಒಟ್ಟಿಗೆ ಕಳಚಿಕೊಳ್ಳುತ್ತವೆ.]

ಹೋಯ್ತು. ಒಂದೊಂದಾಗಿ ಬಿಡಬೇಕಿದ್ದ ಮೂರೂ ಒಂದೇ ಏಟಿಗೆ ಉದುರಿದವು. ಕಟ್ಟುವಾಗ ಸಿಮೆಟ್ರಿ ಆನ್ ಇಟ್ಟು ಒಂದೇ ಕ್ಲಿಕ್ಕಿಗೆ ಅಂಟಿಸಿದ್ದೆ. ಹಾಗಾಗಿ ಪ್ರೋಬ್ ಕಳಚೋ ಮೂರು ಡಿಕಪ್ಲರೂ ಒಂದೇ ಸ್ಟೇಜಲ್ಲಿ, ಅಂದ್ರೆ ಸ್ಪೇಸ್ ಬಾರಿನ ಒಂದೇ ಒತ್ತಿಗೆ ನಡೆಯೋ ಹಂತದಲ್ಲಿ, ಕೂತಿದ್ದವು. ಇದಾದರೂ ಪರವಾಗಿಲ್ಲ, ಇದಕ್ಕಿಂತ ದೊಡ್ಡ ಎಡವಟ್ಟು ಇನ್ನೊಂದಿದೆ. ಹೊತ್ತು ತಂದ ತಾಯಿ ನೌಕೆಗೆ ಅಂತ ಸ್ವಂತದ್ದೊಂದು ಪ್ರೋಬ್ ಕೋರ್ ಹಾಕೋದನ್ನೇ ಮರೆತಿದ್ದೆ. ಪ್ರೋಬ್‌ಗಳು ಹೋದ ಕ್ಷಣ ಅದರ ಮಿದುಳೂ ಹೋಯ್ತು. ಅರ್ಧ ಟ್ಯಾಂಕ್ ಇಂಧನ ಹೊಟ್ಟೇಲಿಟ್ಟುಕೊಂಡು ಈಗಲೂ ಸುತ್ತುತ್ತಾ ಇದೆ. ಮ್ಯಾಪಲ್ಲಿ ಅದರ ಹೆಸರು ಡೆಬ್ರಿ, ಅಂದ್ರೆ ಕಸ.

ಕಟ್ಟೋ ವಿಷಯ ಬೇಗ ಮುಗಿಸಿಬಿಡ್ತೀನಿ. ಸಿಮೆಟ್ರಿ ಆಫ್ ಮಾಡಿ, ಒಂದೊಂದು ಪ್ರೋಬಿನ ಡಿಕಪ್ಲರನ್ನೂ ಬೇರೆ ಬೇರೆ ಸ್ಟೇಜಿಗೆ ಎಳೆದು ಹಾಕಿ. ತಾಯಿ ನೌಕೆಗೆ ಕೋರ್, ಬ್ಯಾಟರಿ, ಸೋಲಾರ್ ಪ್ಯಾನೆಲ್, ಆಂಟೆನಾ ಎಲ್ಲಾ ಅದರದ್ದೇ ಇರಲಿ. ಡಿಕಪ್ಲರ್ ಬದಲು ಡಾಕಿಂಗ್ ಪೋರ್ಟ್ (ನೌಕೆಗಳನ್ನ ಜೋಡಿಸಿ ಬಿಡಿಸೋ ಕೊಂಡಿ) ಬಳಸ್ತೀರಾ? ಹಾಗಾದ್ರೆ ಕ್ರಾಸ್‌ಫೀಡ್ ಬಂದ್ ಮಾಡಿ. ಇಲ್ಲದಿದ್ರೆ ತಾಯಿಯ ಎಂಜಿನ್ ಮಕ್ಕಳ ಟ್ಯಾಂಕನ್ನೂ ಹೀರಿಬಿಡುತ್ತೆ.

[ಪರದೆ: ಕೆರ್ಬಿನ್ ಸುತ್ತ ತ್ರಿಕೋನಾಕಾರದಲ್ಲಿ ಮೂರು ಚುಕ್ಕೆಗಳು]

ನಮಗೆ ಬೇಕಾಗಿರೋದು ಇದು. 120 ಡಿಗ್ರಿ ಅಂತರದಲ್ಲಿ ಮೂರು ರಿಲೇ, ಅಂದ್ರೆ ಸಿಗ್ನಲ್ ದಾಟಿಸೋ ಪ್ರೋಬ್. 2016ರಲ್ಲಿ ಆಟದ 1.2 ಆವೃತ್ತಿ ಜೊತೆ ಕಾಮ್‌ನೆಟ್ ಅನ್ನೋ ಸಿಗ್ನಲ್ ವ್ಯವಸ್ಥೆ ಬಂದ ಮೇಲೆ, ಸಿಗ್ನಲ್ ಇಲ್ಲದ ಪ್ರೋಬ್ ಹೇಳಿದ ಮಾತು ಸರಿಯಾಗಿ ಕೇಳಲ್ಲ. ಆದ್ದರಿಂದ ಬಹಳ ಜನ ಮೊದಲು ಕಟ್ಟೋದೇ ಈ ತ್ರಿಕೋನ. ನಾನು ಆರಿಸಿಕೊಂಡಿರೋ ಎತ್ತರ 2,863 ಕಿಲೋಮೀಟರ್. ಅಲ್ಲಿ ಒಂದು ಸುತ್ತಿಗೆ 5 ಗಂಟೆ 59 ನಿಮಿಷ 9 ಸೆಕೆಂಡ್ ಬೇಕು, ಕೆರ್ಬಿನ್ ತನ್ನ ಸುತ್ತ ತಾನು ತಿರುಗೋಕೂ ಅಷ್ಟೇ. ಅಂದ್ರೆ ಪ್ರೋಬ್ ನೆಲದ ಒಂದೇ ಜಾಗದ ನೆತ್ತಿ ಮೇಲೆ ನಿಂತಹಾಗೆ ಕಾಣುತ್ತೆ.

ಹಾ, ಆಂಟೆನಾ ಬಗ್ಗೆ ಒಂದು ಮಾತು. ಈ ಎತ್ತರದಲ್ಲಿ ಪ್ರೋಬಿಂದ ಪ್ರೋಬಿಗೆ ದೂರ ಸುಮಾರು 6,000 ಕಿಲೋಮೀಟರ್. ಎಚ್‌ಜಿ-5 ಆಂಟೆನಾ ಒಂದೊಂದೇ ಇದ್ರೆ ಅವೆರಡರ ನಡುವೆ 5,000 ಕಿಲೋಮೀಟರ್‌ವರೆಗೆ ಮಾತ್ರ ಮಾತುಕತೆ. ತ್ರಿಕೋನ ಅಚ್ಚುಕಟ್ಟಾಗಿ ನಿಂತಿರುತ್ತೆ, ಒಂದಕ್ಕೊಂದು ಮಾತಾಡಲ್ಲ! ಇನ್ನೂ ದೂರ ಮುಟ್ಟೋ ಆರ್‌ಎ-2 ಆಂಟೆನಾ ಹಾಕಿ, ತಲೆನೋವು ಇರಲ್ಲ.

ಈಗ ಅಸಲು ಪ್ರಶ್ನೆ. ಈ ಮೂರನ್ನ ಒಂದರಿಂದ ಒಂದು ದೂರ ಮಾಡೋದು ಹೇಗೆ? ಹೊಸದಾಗಿ ಆಡೋರು ಏನ್ ಮಾಡ್ತಾರೆ ಅಂದ್ರೆ, ಮೂರನ್ನೂ ಒಂದೇ ಕಕ್ಷೆಯಲ್ಲಿ ಬಿಟ್ಟು, ಆಮೇಲೆ ಒಂದನ್ನ ಮುಂದಕ್ಕೆ ಓಡಿಸೋಕೆ ಎಂಜಿನ್ ಹಚ್ಚುತ್ತಾರೆ. ಮುಂದಕ್ಕೆ ತಳ್ಳಿದ್ರೆ ಕಕ್ಷೆ ದೊಡ್ಡದಾಗಿ ಅದು ಹಿಂದೆ ಬೀಳುತ್ತೆ. ಅಲ್ಲಿಂದ ಶುರು ಗೋಳು.

ಜಾಗ ಬದಲಿಸೋ ಗೊಡವೆಗೇ ಹೋಗಬೇಡಿ. ಮೂರನ್ನೂ ಆಕಾಶದ ಒಂದೇ ಜಾಗದಲ್ಲಿ ಬಿಡಿ, ಹೊತ್ತು ಮಾತ್ರ ಬೇರೆ ಬೇರೆ ಇರಲಿ.

[ಪರದೆ: ಮ್ಯಾಪ್. ಮೊಟ್ಟೆಯಾಕಾರದ ಕಕ್ಷೆ, ಅದರ ಮೇಲಿನ ತುದಿ ದುಂಡು ಕಕ್ಷೆಗೆ ತಾಗಿದೆ.]

ತಾಯಿ ನೌಕೆಯ ಅಪೋಆಪ್ಸಿಸ್, ಅಂದ್ರೆ ಕಕ್ಷೆಯ ಅತಿ ಎತ್ತರದ ತುದಿ, 2,863 ಕಿಲೋಮೀಟರಲ್ಲಿದೆ. ಪೆರಿಆಪ್ಸಿಸನ್ನ, ಅಂದ್ರೆ ಅತಿ ಕೆಳಗಿನ ತುದಿಯನ್ನ, ಅಷ್ಟೆತ್ತರಕ್ಕೆ ಏರಿಸಬೇಡಿ, ಸುಮಾರು 1,223 ಕಿಲೋಮೀಟರಿಗೆ ನಿಲ್ಲಿಸಿ. ಆಗ ತಾಯಿಯ ಸುತ್ತಿನ ಅವಧಿ 3 ಗಂಟೆ 59 ನಿಮಿಷ 26 ಸೆಕೆಂಡ್ ಆಗುತ್ತೆ. ಲೆಕ್ಕ ಸುಲಭ ಆಗಲಿ ಅಂತ 4 ಗಂಟೆ, 6 ಗಂಟೆ ಅಂದುಕೊಳ್ಳೋಣ. ಅಪೋಆಪ್ಸಿಸಲ್ಲಿ ಮೊದಲ ಪ್ರೋಬ್ ಬಿಟ್ರಿ, ಅದು ಎಂಜಿನ್ ಹಚ್ಚಿ ದುಂಡು ಕಕ್ಷೆ ಹಿಡೀತು. ತಾಯಿ ಕೆಳಗೆ ಹೋಗಿ, ಸುತ್ತು ಮುಗಿಸಿ, 4 ಗಂಟೆಗೆ ಅದೇ ಜಾಗಕ್ಕೆ ವಾಪಸ್ ಬರುತ್ತೆ. 6 ಗಂಟೆಯ ಸುತ್ತಲ್ಲಿರೋ ಪ್ರೋಬ್ ಅಷ್ಟರಲ್ಲಿ ಎಲ್ಲಿರುತ್ತೆ? ಮೂರರಲ್ಲಿ ಎರಡು ಪಾಲು ದಾರಿ ಮುಗಿಸಿರುತ್ತೆ. ಅಂದ್ರೆ ಈ ಜಾಗಕ್ಕೆ ಬರೋಕೆ ಇನ್ನೂ 120 ಡಿಗ್ರಿ ಬಾಕಿ. ಈಗ ಎರಡನೇದನ್ನ ಬಿಡಿ. ಇನ್ನೊಂದು ಸುತ್ತು, ಮೂರನೇದು. ಮುಗೀತು ತ್ರಿಕೋನ. ನಾಲ್ಕು ಪ್ರೋಬ್ ಇದ್ರೆ ತಾಯಿಯ ಅವಧಿ ಮುಕ್ಕಾಲು ಪಾಲು ಇಟ್ಟುಕೊಳ್ಳಿ, ಉಳಿದದ್ದೆಲ್ಲ ಹೀಗೇ.

ಪ್ರತಿ ಪ್ರೋಬಿಗೂ ದುಂಡು ಕಕ್ಷೆ ಹಿಡಿಯೋಕೆ ಬೇಕಾಗೋದು ಸೆಕೆಂಡಿಗೆ ಸುಮಾರು 171 ಮೀಟರ್ ಡೆಲ್ಟಾ-ವಿ, ಅಂದ್ರೆ ವೇಗದ ಬದಲಾವಣೆ, ಅಷ್ಟೇ. ಇದನ್ನೇ ತಿರುಗಾಮುರುಗಾ ಮಾಡಿ, ತಾಯಿಯನ್ನ ಮೇಲಕ್ಕೆ ಕಳಿಸಿ 8 ಗಂಟೆ ಸುತ್ತು ಹಾಕಿಸಿದ್ರೆ ಪ್ರೋಬಿಗೆ 85 ಸಾಕು. ಆದ್ರೆ ತಾಯಿಯ ಖರ್ಚು 260ರ ಬದಲು 516ಕ್ಕೆ ಏರುತ್ತೆ. ಪ್ರೋಬಲ್ಲಿ ಟ್ಯಾಂಕಿಗೆ ಜಾಗವೇ ಇಲ್ಲ ಅಂದ್ರೆ ಮಾತ್ರ ಆ ದಾರಿ. ನಂಗಂತೂ ಕೆಳಗೆ ಮುಳುಗಿ ಬರೋದೇ ಇಷ್ಟ.

[ಪರದೆ: ಪ್ರೋಬಿನ ಎಂಜಿನ್ ಮೇಲೆ ರೈಟ್ ಕ್ಲಿಕ್, ಥ್ರಸ್ಟ್ ಲಿಮಿಟರ್ ಎಳೆಯುತ್ತಿರುವುದು]

ಕೈಯಲ್ಲಿ ಮಾಡುವಾಗ ಹೀಗೆ. ಅಪೋಆಪ್ಸಿಸಿಗೆ ಐದು ನಿಮಿಷ ಇದ್ದಾಗಲೇ ಪ್ರೋಬ್ ಕಳಚಿ. ಚೌಕ ಬ್ರಾಕೆಟ್ ಕೀ ಒತ್ತಿ ಅದಕ್ಕೆ ಹಾರಿ. ಮೊದಲು ಸೋಲಾರ್ ಪ್ಯಾನೆಲ್ ಬಿಚ್ಚಿ, ಆಂಟೆನಾ ಬಿಚ್ಚಿ, ಆಮೇಲೇ ಎಂಜಿನ್. ಈ ಕ್ರಮ ತಪ್ಪಿದೋರು ಕತ್ತಲಲ್ಲಿ ಬ್ಯಾಟರಿ ಸತ್ತ ಪ್ರೋಬ್ ನೋಡ್ತಾ ಕೂರಬೇಕಾಗುತ್ತೆ. ಕಕ್ಷೆ ಹೆಚ್ಚುಕಮ್ಮಿ ದುಂಡಗಾದ ಮೇಲೆ ಎಂಜಿನ್ ನೂಕುವ ಬಲ ತಗ್ಗಿಸೋ ಥ್ರಸ್ಟ್ ಲಿಮಿಟರನ್ನ ಒಂದೆರಡು ಶೇಕಡಾಕ್ಕೆ ಇಳಿಸಿ. ಇಲ್ಲಿ ಎಲ್ಲರೂ ಅಪೋಆಪ್ಸಿಸ್, ಪೆರಿಆಪ್ಸಿಸ್ ಎರಡೂ ಕರಾರುವಾಕ್ಕಾಗಿ 2,863 ಬರಲಿ ಅಂತ ಗುದ್ದಾಡ್ತಾರೆ. ಬೇಡ. ನೋಡಬೇಕಾಗಿದ್ದು ಸುತ್ತಿನ ಅವಧಿ. ಕೆರ್ಬಲ್ ಎಂಜಿನಿಯರ್ ಅನ್ನೋ ಮಾಡ್ (ಆಟಕ್ಕೆ ಸೇರಿಸಿಕೊಳ್ಳೋ ಹೆಚ್ಚುವರಿ ತಂತ್ರಾಂಶ) ಹಾಕಿಕೊಂಡ್ರೆ ಅದು ಕಣ್ಣೆದುರೇ ಇರುತ್ತೆ. ಒಂದು ಪ್ರೋಬಿನ ಅವಧಿ 10 ಸೆಕೆಂಡ್ ಆಚೀಚೆ ಆದ್ರೂ 700 ಚಿಲ್ಲರೆ ಸುತ್ತಿಗೆ ಅದು ಪಕ್ಕದ ಪ್ರೋಬಿನ ಮೇಲೇ ಹೋಗಿ ಕೂರುತ್ತೆ. ಟೈಮ್ ವಾರ್ಪ್ ಹಾಕಿ ಆಟದ ಕಾಲವನ್ನ ಓಡಿಸಿದ್ರೆ ಅದೆಷ್ಟು ಹೊತ್ತು ಹೇಳಿ. 1 ಸೆಕೆಂಡಿಗೆ ತಂದ್ರೆ ಅದೇ 7,000 ಸುತ್ತು ದಾಟುತ್ತೆ.

[ಪರದೆ: ಒಂದು ಅಡ್ಡ ಕಕ್ಷೆ, ಒಂದು ಧ್ರುವಗಳ ಮೇಲಿಂದ ಹೋಗುವ ಕಕ್ಷೆ]

ಇಷ್ಟೊತ್ತು ಹೇಳಿದ್ದು ಒಂದೇ ಸಮತಲದ ಕಥೆ. ಒಂದು ಪ್ರೋಬ್ ಸಮಭಾಜಕದ ಮೇಲೆ, ಇನ್ನೊಂದು ಧ್ರುವಗಳ ಮೇಲೆ ಹೋಗಬೇಕು ಅಂದ್ರೆ ಲೆಕ್ಕವೇ ಬೇರೆ. ಕೆರ್ಬಿನ್‌ನಿಂದ 80 ಕಿಲೋಮೀಟರ್ ಎತ್ತರದಲ್ಲಿ ಕಕ್ಷೆಯನ್ನ 90 ಡಿಗ್ರಿ ತಿರುಗಿಸೋಕೆ 3,200 ಚಿಲ್ಲರೆ ಡೆಲ್ಟಾ-ವಿ ಬೇಕು. ನೆಲದಿಂದ ಕಕ್ಷೆಗೆ ಏರೋಕೂ ಹತ್ತಿರಹತ್ತಿರ ಅಷ್ಟೇ. ಅದಕ್ಕಿಂತ ಇನ್ನೊಂದು ರಾಕೆಟ್ ಹಾರಿಸೋದು ವಾಸಿ.

ನಿಜವಾದ ಭೂಮಿ ಸುತ್ತ ಇದಕ್ಕೊಂದು ಉಪಾಯ ಇದೆ. 2006ರಲ್ಲಿ ಹವಾಮಾನ ಅಧ್ಯಯನದ ಕಾಸ್ಮಿಕ್ ಯೋಜನೆಯ ಆರು ಉಪಗ್ರಹಗಳು ಒಂದೇ ರಾಕೆಟಲ್ಲಿ, ಒಂದೇ ಸಮತಲಕ್ಕೆ ಹೋದವು. ಭೂಮಿಯ ನಡು ಸ್ವಲ್ಪ ಉಬ್ಬಿರೋದರಿಂದ ಕಕ್ಷೆಯ ಸಮತಲ ತನ್ನಷ್ಟಕ್ಕೆ ನಿಧಾನಕ್ಕೆ ಹೊರಳುತ್ತೆ, ಎತ್ತರ ಬದಲಾದ್ರೆ ಹೊರಳೋ ವೇಗವೂ ಬದಲಾಗುತ್ತೆ. ಹಾಗಾಗಿ ಒಂದೊಂದನ್ನೂ ಬೇರೆ ಬೇರೆ ಹೊತ್ತಿಗೆ ಮೇಲೇರಿಸಿ, ಸಮತಲಗಳು ಬಿಡಿಸಿಕೊಳ್ಳೋ ತನಕ ಕಾದ್ರು. ಅಲ್ಲೂ ಕೆಲಸ ಮಾಡಿದ್ದು ಕಾಲವೇ ನೋಡಿ. ನಮ್ಮ ಆಟದಲ್ಲಿ ಈ ಉಪಾಯ ನಡೆಯಲ್ಲ. ಕೆರ್ಬಿನ್‌ನ ಗುರುತ್ವಕ್ಕೆ ಉಬ್ಬು ಗಿಬ್ಬು ಏನೂ ಇಲ್ಲ.

ನಮಗಿರೋ ದಾರಿ ದೂರದಲ್ಲಿದ್ದಾಗಲೇ ಬೇರೆಯಾಗೋದು. ಕೆರ್ಬಿನ್‌ನ ಚಂದ್ರ ಮುನ್‌ಗೆ ಎರಡು ಪ್ರೋಬ್ ಒಯ್ತಿದ್ದೀರಿ ಅಂದುಕೊಳ್ಳಿ. ಅಲ್ಲಿ 50 ಕಿಲೋಮೀಟರ್ ಎತ್ತರದ ಕಕ್ಷೆ ಸೇರಿದ ಮೇಲೆ 90 ಡಿಗ್ರಿ ತಿರುಗಿಸೋಕೆ 720 ಬೇಕು. ಕೆರ್ಬಿನ್ ಬಿಟ್ಟು ಹೊರಟ ಕೂಡಲೇ ಎರಡನ್ನೂ ಕಳಚಿ, ಒಂದನ್ನ ಉತ್ತರಕ್ಕೆ ಒಂಚೂರು ನೂಕಿ ನೋಡಿ. ಬರೀ ಕೆಲವು ಹತ್ತು ಮೀಟರ್ ಡೆಲ್ಟಾ-ವಿಗೆ ಅದು ಮುನ್‌ನ ಧ್ರುವದ ಮೇಲಿಂದ ಬರುತ್ತೆ, ಇನ್ನೊಂದು ಸಮಭಾಜಕದ ಮೇಲಿಂದ. ಬ್ರೇಕ್ ಹಾಕಿದ್ರೆ ಆಯ್ತು, ಎರಡೂ ಬೇಕಾದ ಕಕ್ಷೆಯಲ್ಲೇ ಕೂರುತ್ತವೆ.

[ಪರದೆ: ಎರಡು ಪ್ರೋಬ್‌ಗಳ ಪೆರಿಆಪ್ಸಿಸ್ ಗಡಿಯಾರಗಳು ಪಕ್ಕಪಕ್ಕ]

ಇಲ್ಲೊಂದು ಇಕ್ಕಟ್ಟಿದೆ. ಈ ಆಟದಲ್ಲಿ ಒಂದು ಹೊತ್ತಿಗೆ ಒಂದೇ ನೌಕೆಯ ಎಂಜಿನ್ ಹಚ್ಚೋಕೆ ಆಗೋದು. ಎರಡೂ ಒಂದೇ ನಿಮಿಷಕ್ಕೆ ಮುನ್ ತಲುಪಿದ್ರೆ, ಒಂದಕ್ಕೆ ಬ್ರೇಕ್ ಹಾಕ್ತಾ ಇರುವಾಗ ಇನ್ನೊಂದು ಟಾಟಾ ಹೇಳಿ ಹೋಗಿರುತ್ತೆ. ಆ ಉತ್ತರದ ನೂಕು ಕೊಡುವಾಗಲೇ ಮೆನೂವರ್ ನೋಡ್‌ನ (ಮುಂದಿನ ನೂಕನ್ನ ಮ್ಯಾಪಲ್ಲಿ ಯೋಜಿಸೋ ಗುರುತು) ಹಿಡಿಯನ್ನ ಇನ್ನೊಂಚೂರು ಜಗ್ಗಿ, ಎರಡರ ಪೆರಿಆಪ್ಸಿಸ್ ನಡುವೆ ಅರ್ಧ ಗಂಟೆ ಬಿಡುವು ಇಟ್ಟುಕೊಳ್ಳಿ. ನಾನು ಈ ಸಲ 34 ನಿಮಿಷ ಇಟ್ಟಿದ್ದೀನಿ. ಮೊದಲನೇದು ಇನ್ನೇನು ಬಂತು, ಎಂಜಿನ್ ಹಚ್ಚುತ್ತೀನಿ.