"ನಿನಗೇ ಹೀಗಾಗಿದ್ರೆ?" ಅಂತ ಕೇಳಬೇಡಿ

ಹದಿನಾಲ್ಕರ ಹುಡುಗ ಕ್ಲಾಸಿನ ಹುಡುಗಿಯೊಬ್ಬಳ ಫೋಟೋನ ವಿಕಾರ ಮಾಡಿ ಗ್ರೂಪಿಗೆ ಹಾಕಿದ್ದಾನೆ ಅಂತಿಟ್ಕೊಳ್ಳಿ. ದೊಡ್ಡವರ ಬಾಯಲ್ಲಿ ಮೊದಲು ಬರೋ ಮಾತು: "ನಿನಗೇ ಹೀಗೆ ಮಾಡಿದ್ರೆ?" ಅವನು ತಲೆ ಎತ್ತದೇನೇ ಹೇಳ್ತಾನೆ: "ನಂಗೇನೂ ಅನ್ಸಲ್ಲ." ಅಲ್ಲಿಗೆ ಮುಗೀತು. ಅವನು ಹೇಳಿದ್ದು ನಿಜವೂ ಇರಬಹುದು! ತೊಂದರೆ ಇರೋದು ಪ್ರಶ್ನೆಯಲ್ಲಿ. ಅದು ಅವಳನ್ನ ಬಿಟ್ಟು ಮತ್ತೆ ಅವನ ಬಗ್ಗೆಯೇ ಕೇಳುತ್ತೆ.

ಅವಳ ಬಗ್ಗೆ ಕೇಳಿ. "ಫೋಟೋ ನೋಡಿದಾಗ ಅವಳ ಪಕ್ಕದಲ್ಲಿ ಯಾರಿದ್ದಿರಬಹುದು? ಮಾರನೇ ದಿನ ಕ್ಲಾಸಿಗೆ ಕಾಲಿಡುವಾಗ ಮೊದಲು ಯಾರ ಮುಖ ನೋಡಿರ್ತಾಳೆ?" ಎರಡು-ಮೂರು ಪ್ರಶ್ನೆ ಸಾಕು, ಅದಕ್ಕಿಂತ ಹೆಚ್ಚಾದ್ರೆ ವಿಚಾರಣೆ ಆಗುತ್ತೆ. ನಿಮ್ಮಿಬ್ಬರ ಸಿಟ್ಟೂ ಇಳಿದ ಮೇಲೆ ಕೇಳಿ. ಎದುರು ಕೂರಿಸ್ಕೊಂಡಲ್ಲ, ಜೊತೆಗೆ ನಡೀತಾ ಅಥವಾ ಬಟ್ಟೆ ಮಡಚ್ತಾ ಕೇಳಿ. ಕೇಳಿದ ಮೇಲೆ ಸುಮ್ಮನಿರಿ. ಹತ್ತು ಸೆಕೆಂಡಿನ ಮೌನ ತಡ್ಕೊಳ್ಳೋಕೆ ಆಗದೇ ಇರೋದು ಸಾಮಾನ್ಯವಾಗಿ ನಮಗೇ.

ತಕ್ಷಣ "ಸಾರಿ" ಹೇಳಿಸೋದು ದೊಡ್ಡವರ ಸಮಾಧಾನಕ್ಕೆ. ಮೊದಲು ಫೋಟೋ ಅಳಿಸ್ಲಿ. ಅದೇ ಗ್ರೂಪಿನಲ್ಲಿ "ಇದು ನಾನು ಮಾಡಿದ್ದು, ಯಾರೂ ಮುಂದಕ್ಕೆ ಕಳಿಸಬೇಡಿ" ಅಂತ ಬರೀಲಿ. ಆಮೇಲೆ ಕ್ಷಮೆ. ಏನು ಮಾಡಿದ್ರೆ ಸರಿಹೋಗುತ್ತೆ ಅಂತ ಊಹಿಸದೆ ಅವಳನ್ನೇ ಕೇಳ್ಲಿ, ಅದೂ ಅವಳಿಗೆ ಮಾತಾಡೋ ಮನಸ್ಸಿದ್ರೆ. ಕ್ಷಮಿಸಲೇಬೇಕು ಅನ್ನೋ ಹೊರೆ ಅವಳ ಮೇಲೆ ಬೇಡ.

ಇನ್ನು ನಿರ್ಧಾರದ ವಿಷಯ. ಇದು ತಪ್ಪು ಅಂತ ಅವನಿಗೆ ಮೊದಲೇ ಗೊತ್ತಿತ್ತು. 2005ರಲ್ಲಿ ಗಾರ್ಡ್ನರ್ ಮತ್ತು ಸ್ಟೈನ್‌ಬರ್ಗ್ ಅನ್ನೋ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಪ್ರಯೋಗದಲ್ಲಿ, ಕಾರು ಓಡಿಸೋ ವಿಡಿಯೋ ಗೇಮನ್ನ ಗೆಳೆಯರ ಎದುರು ಆಡಿದಾಗ ಹದಿಹರೆಯದವರು ಒಬ್ಬರೇ ಆಡಿದ್ದಕ್ಕಿಂತ ಜಾಸ್ತಿ ಅಪಾಯಕ್ಕೆ ಕೈ ಹಾಕಿದ್ರು. 24 ದಾಟಿದವರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಇನ್ನೊಂದು ನೀತಿಪಾಠದಿಂದ ಏನೂ ಗಿಟ್ಟಲ್ಲ. ಗೆಳೆಯರು ನೋಡ್ತಿರುವಾಗ ಬಾಯಿಗೆ ಬರೋ ಒಂದು ಮಾತು ಮೊದಲೇ ತಯಾರಿರಬೇಕು.

"ಇಂಥದ್ದು ಬಂದರೆ, ನಾನು ಹೀಗೆ ಮಾಡ್ತೀನಿ" ಅಂತ ಅವನೇ ಒಂದು ವಾಕ್ಯ ಕಟ್ಟಲಿ. "ಸ್ನೇಹಿತರೇ, ಇದು ಅನೈತಿಕ" ಅಂತ ಯಾವ ಹುಡುಗನೂ ಹೇಳಲ್ಲ. "ಲೇ, ಬೇಡ, ತೆಗಿ" ಹೇಳಬಲ್ಲ. ಅದನ್ನ ನಾಲ್ಕಾರು ಸಲ ಜೋರಾಗಿ ಹೇಳಿಸಿ. ನಗ್ತಾನೆ, ನಗಲಿ. ಅಷ್ಟೂ ಧೈರ್ಯ ಬರಲಿಲ್ಲ ಅಂದ್ರೆ ಎರಡನೇ ದಾರಿ ಇರಲಿ: ಫಾರ್ವರ್ಡ್ ಮಾಡದೆ, ಫೋಟೋದಲ್ಲಿರೋವಳಿಗೆ ಬೇರೆಯಾಗಿ ಒಂದು ಮೆಸೇಜ್.

ಹೆಂಡತಿಯ ಜೀವ ಉಳಿಸೋಕೆ ಔಷಧಿ ಕದಿಯಬಹುದಾ ಅನ್ನೋ, ಮನಶ್ಶಾಸ್ತ್ರಜ್ಞ ಕೋಲ್‌ಬರ್ಗ್‌ನ ಪ್ರಸಿದ್ಧ ಪ್ರಶ್ನೆ ಚರ್ಚೆಗೆ ಚೆನ್ನ, ಆದರೆ ಹುಡುಗರ ದಿನಚರಿಯಿಂದ ದೂರ. ಅವರಿಗೆ ನಿಜವಾಗಿ ಎದುರಾಗೋ, ಎರಡೂ ಕಡೆ ನ್ಯಾಯ ಇರೋ ಇಕ್ಕಟ್ಟು ಕೊಡಿ: ಗೆಳತಿ ಕಾಪಿ ಮಾಡಿದ್ದು ಗೊತ್ತು, ಅನುಮಾನ ಬಿದ್ದಿರೋದು ಬೇರೆಯವರ ಮೇಲೆ. ಯಾವ ಉತ್ತರ ಬಂದ್ರೂ ಇನ್ನೊಂದು ಕಡೆಯ ವಕಾಲತ್ತನ್ನ ಅವರಿಂದಲೇ ಮಾಡಿಸಿ.

ಒಂದು ವಿಷಯ ಮಾತ್ರ ಚರ್ಚೆಗಿಲ್ಲ, ಅದನ್ನ ಇವತ್ತೇ ಹೇಳಿ: ಗೆಳೆಯರು ಸಾಯ್ತೀನಿ ಅಂದ್ರೆ, ಯಾರಿಗೂ ಹೇಳಲ್ಲ ಅಂತ ಆಣೆ ಇಟ್ಟಿದ್ರೂ ಸರಿ, ಅವರನ್ನ ಒಂಟಿ ಬಿಡಬಾರದು, ತಕ್ಷಣ ನಂಬಿಕೆಯ ದೊಡ್ಡವರೊಬ್ಬರಿಗೆ ತಿಳಿಸಬೇಕು.